ಲೋಕಲ್ ಪ್ರಯಾಣಿಕರ ಆರೋಗ್ಯ: ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ

ಲೋಕಲ್ ಪ್ರಯಾಣಿಕರ ಆರೋಗ್ಯವೆಂದರೆ ಮುಂಬಯಿ ಉಪನಗರ ರೈಲಿನಲ್ಲಿ ದಿನವೂ ಕೆಲಸಕ್ಕೆ ಹೋಗಿಬರುವವರ ದೇಹ, ಮನಸ್ಸುಗಳ ಮೇಲೆ ಆ ಓಡಾಟದಿಂದ ಆಗುವ ಪರಿಣಾಮ ಹಾಗೂ ಓಡಾಟದ ನಡುವೆಯೇ ಮೈಯ ಕಸುವನ್ನು ಕಾಪಾಡಿಕೊಳ್ಳುವ ಬಗೆ. ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಗಳಲ್ಲಿ ಲಕ್ಷಾಂತರ ಮಂದಿ ದಿನದ ಎರಡರಿಂದ ನಾಲ್ಕು ಗಂಟೆಗಳನ್ನು ಗಾಡಿಯೊಳಗೆ, ಪ್ಲಾಟ್‌ಫಾರ್ಮಿನಲ್ಲಿ ಮತ್ತು ಸ್ಟೇಷನ್ನಿನ ದಾರಿಯಲ್ಲಿ ಕಳೆಯುತ್ತಾರೆ. ಪ್ರವಾಸಿಗೆ ಪ್ರಯಾಣವೆಂಬುದು ವರ್ಷದ ಕೆಲವು ದಿನಗಳ ಸಂಗತಿ. ಇಲ್ಲಿನವರಿಗೆ ಅದು ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗಿನ ದಿನಚರಿ. ಹಾಗಾಗಿ ಪ್ರವಾಸಿಗಳಿಗೆ ಹೇಳುವ ಆರೋಗ್ಯಸೂತ್ರಗಳಲ್ಲಿ ಕೆಲವಷ್ಟೇ ಇವರಿಗೆ ಒದಗುತ್ತವೆ.

ಈ ಲೇಖನದಲ್ಲಿ ‘ಲೋಕಲ್’ ಎಂದರೆ ವಿದ್ಯುತ್ತಿನಿಂದ ಓಡುವ ಉಪನಗರ ರೈಲು. ‘ಪೀಕ್ ಅವರ್’ ಎಂದರೆ ಬೆಳಗ್ಗೆ ಮುಂಬಯಿಯತ್ತ, ಸಂಜೆ ಮನೆಯತ್ತ ಜನ ಕಿಕ್ಕಿರಿಯುವ ಹೊತ್ತು. ‘ದೂರ ಪ್ರಯಾಣ’ ಎಂದರೆ ಇಲ್ಲಿನ ಕನ್ನಡಿಗರು ಊರಿಗೆ ಹೋಗಿಬರುವ ರಾತ್ರಿ ಪ್ರಯಾಣ.

ಹಿನ್ನೆಲೆ

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ 34 ಕಿಲೋಮೀಟರ್ ಓಡಿತು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ (ಇಂದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ಮತ್ತು ಕುರ್ಲಾ ನಡುವೆ ಮೊದಲ ವಿದ್ಯುತ್ ರೈಲು ಬಂದ ಮೇಲೆ ನಗರದಾಚೆ ಮನೆ ಮಾಡಿ ನಗರದೊಳಗೆ ದುಡಿಯುವ ಬದುಕು ಬೆಳೆಯಿತು.

ನವಿಮುಂಬಯಿಯ ಕತೆ ಬೇರೆ. ಮುಂಬಯಿಯ ಒತ್ತಡ ಇಳಿಸಲೆಂದೇ 1970ರಲ್ಲಿ ಸಿಡ್ಕೋ ಸಂಸ್ಥೆಯನ್ನು ಸ್ಥಾಪಿಸಿ ಈ ನಗರವನ್ನು ಯೋಜಿಸಲಾಯಿತು. ಮಾನ್‌ಖುರ್ದ್–ವಾಶಿ ನಡುವೆ ಖಾಡಿ (ಕಡಲ ತೋಳು) ದಾಟುವ ರೈಲು ಬಂದದ್ದು 1992ರಲ್ಲಿ. ಥಾಣೆ–ವಾಶಿ ಟ್ರಾನ್ಸ್‌ಹಾರ್ಬರ್ ಮಾರ್ಗದಲ್ಲಿ ಪ್ರಯಾಣಿಕರ ಗಾಡಿ ಶುರುವಾದದ್ದು 2004ರಲ್ಲಿ. ಹೊಸ ನಗರದಲ್ಲೇ ಕೆಲಸವೂ ಸಿಗಬೇಕೆಂಬ ಉದ್ದೇಶ ಭಾಗಶಃ ಮಾತ್ರ ನೆರವೇರಿತು. ಐರೋಲಿ, ಮಹಾಪೆ, ಬೇಲಾಪುರಗಳಲ್ಲಿ ಕಚೇರಿಗಳು ಬಂದವು. ಆದರೆ ಅಲ್ಲಿಗೆ ಡೊಂಬಿವಲಿ, ಕಲ್ಯಾಣ್ ಕಡೆಯಿಂದ ಬರುವವರು ಥಾಣೆಯಲ್ಲಿ ಗಾಡಿ ಬದಲಿಸಬೇಕಾಗಿ, ಅಲ್ಲಿನ ಮೇಲ್ಸೇತುವೆಗಳ ಮೇಲೆ ಹೊಸ ದಟ್ಟಣೆ ಹುಟ್ಟಿತು.

ಕನ್ನಡಿಗರ ಮಟ್ಟಿಗೆ, ಹೋಟೆಲು, ಬ್ಯಾಂಕು, ಗಿರಣಿ, ಕಚೇರಿಗಳ ಕೆಲಸಕ್ಕೆಂದು ಮುಂಬಯಿಗೆ ಬಂದ ಕರಾವಳಿ ಮತ್ತು ಉತ್ತರ ಕರ್ನಾಟಕದ ಕುಟುಂಬಗಳು ನಗರದಲ್ಲಿ ಮನೆಯ ಬೆಲೆ ಏರಿದಂತೆ ಇತ್ತ ಸರಿದವು. ಡೊಂಬಿವಲಿ ಕರ್ನಾಟಕ ಸಂಘ ಮತ್ತು ಅದು ನಡೆಸುವ ಮಂಜುನಾಥ ವಿದ್ಯಾಲಯ, ವಾಶಿಯ ಕನ್ನಡ ಸಂಘ, ಜುಯಿನಗರದ ಬಂಟ್ಸ್ ಸೆಂಟರ್ ಈ ನೆಲೆಸುವಿಕೆಯ ಗುರುತುಗಳು. ಹೋಟೆಲ್ ಕಾರ್ಮಿಕರ ಪ್ರಯಾಣದ ವೇಳೆ ಕಚೇರಿಯವರದಕ್ಕಿಂತ ಭಿನ್ನ. ನಸುಕಿನ ಮೊದಲ ಗಾಡಿ, ನಡುರಾತ್ರಿಯ ಕೊನೆಯ ಗಾಡಿ ಅವರ ಪಾಲಿನವು. ಅವರಿಗೆ ನೂಕುನುಗ್ಗಲು ಕಡಿಮೆ, ನಿದ್ರೆಯ ನಷ್ಟ ಹೆಚ್ಚು.

ಪ್ರಯಾಣದ ಸ್ವರೂಪ

ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ಥಾಣೆ 34, ಡೊಂಬಿವಲಿ ಸುಮಾರು 48, ಕಲ್ಯಾಣ್ ಸುಮಾರು 54 ಕಿಲೋಮೀಟರ್ ದೂರದಲ್ಲಿವೆ. ಫಾಸ್ಟ್ ಲೋಕಲ್ ಕಲ್ಯಾಣ್ ತಲುಪಲು ಒಂದು ಗಂಟೆಗೂ ತುಸು ಹೆಚ್ಚು ಹಿಡಿಯುತ್ತದೆ. ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುವ ಸ್ಲೋ ಗಾಡಿಗೆ ಸುಮಾರು ಒಂದೂವರೆ ಗಂಟೆ ಬೇಕು. ಮನೆಯಿಂದ ಸ್ಟೇಷನ್ನಿಗೆ ಶೇರ್ ರಿಕ್ಷಾ ಅಥವಾ ನಡಿಗೆ, ಇಳಿದ ಮೇಲೆ ಮತ್ತೆ ಬಸ್ಸು ಅಥವಾ ನಡಿಗೆ.

ದಟ್ಟಣೆಯನ್ನು ರೈಲ್ವೆ ಒಂದು ಚದರ ಮೀಟರಿನಲ್ಲಿ ಎಷ್ಟು ಜನ ನಿಂತಿದ್ದಾರೆ ಎಂಬ ಲೆಕ್ಕದಲ್ಲಿ ಅಳೆಯುತ್ತದೆ. 14ರಿಂದ 16 ಜನ ನಿಂತ ಸ್ಥಿತಿಗೆ ಮುಂಬಯಿಯಲ್ಲಿ ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂಬ ಹೆಸರೇ ಬಿದ್ದಿದೆ. ಪ್ರಯಾಣಿಕರು ಇದನ್ನು ನಿಭಾಯಿಸುವ ಉಪಾಯಗಳನ್ನು ತಾವೇ ಕಂಡುಕೊಂಡಿದ್ದಾರೆ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕುಳಿತುಕೊಳ್ಳುವ ‘ನಾಲ್ಕನೇ ಸೀಟು’ ಅವುಗಳಲ್ಲಿ ಒಂದು. ಸೀಟಿಗಾಗಿ ಮೊದಲು ಕಲ್ಯಾಣ್ ಕಡೆಗೇ ಹೋಗಿ, ಅದೇ ಗಾಡಿಯಲ್ಲಿ ಕುಳಿತು ಮುಂಬಯಿಗೆ ಮರಳುವ ಕ್ರಮ ಇನ್ನೊಂದು. ಇದರಿಂದ ಪ್ರಯಾಣದ ಅವಧಿ ಹೆಚ್ಚಾದರೂ ಮೊಣಕಾಲು, ಸೊಂಟದ ನೋವಿದ್ದವರಿಗೆ ಕುಳಿತುಕೊಳ್ಳುವ ಅವಕಾಶ ಸಿಗುತ್ತದೆ.

ಮಹಿಳೆಯರಿಗೆ ಪ್ರತ್ಯೇಕ ಡಬ್ಬಿಗಳು ಮತ್ತು ಕೆಲವು ಲೇಡೀಸ್ ಸ್ಪೆಷಲ್ ಗಾಡಿಗಳಿವೆ. ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಗರ್ಭಿಣಿಯರಿಗೂ ಪ್ರಯಾಣಿಸಲು ಅವಕಾಶವಿದೆ. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕಲ್ಯಾಣ್ ಕಡೆಯಿಂದ ಹೋಗುವವರಿಗೆ ಇದು ದೊಡ್ಡ ಅನುಕೂಲ.

ದೇಹದ ಮೇಲಿನ ಪರಿಣಾಮ

ಬಹಳ ಹೊತ್ತು ಅಲುಗದೆ ನಿಂತಾಗ ಕಾಲಿನ ಅಭಿಧಮನಿಗಳಲ್ಲಿ ರಕ್ತ ಮಡುಗಟ್ಟುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಹೃದಯದತ್ತ ಏರಿಸುತ್ತವೆ. ಜನರ ನಡುವೆ ಸಿಲುಕಿ ನಿಂತವರಲ್ಲಿ ಈ ಕೆಲಸ ನಿಂತುಹೋಗುತ್ತದೆ. ಪಾದ ಊದುವುದು, ಕಾಲು ಸೆಳೆತ, ವರ್ಷಗಳ ಬಳಿಕ ಉಬ್ಬಿದ ನೀಲಿ ನರಗಳು ಇದರ ಫಲ. ಬೆಳಗ್ಗೆ ತಿನ್ನದೆ ಹೊರಟವರು, ನೀರು ಕುಡಿಯದವರು ಸೆಖೆಯಲ್ಲಿ ಹೀಗೆ ನಿಂತಲ್ಲೇ ತಲೆ ತಿರುಗಿ ಬೀಳುವುದುಂಟು. ಹಿಮ್ಮಡಿಯನ್ನು ಎತ್ತಿ ಇಳಿಸುವುದು, ಕಾಲ್ಬೆರಳುಗಳನ್ನು ಬೂಟಿನೊಳಗೇ ಮಡಚಿ ಬಿಡಿಸುವುದು, ಮಂಡಿಯನ್ನು ಬಿಗಿಹಿಡಿಯದೆ ತುಸು ಸಡಿಲ ಬಿಡುವುದು ಕಿಕ್ಕಿರಿದ ಡಬ್ಬಿಯಲ್ಲೂ ಸಾಧ್ಯವಾಗುವ ಪರಿಹಾರಗಳು. ಉಬ್ಬಿದ ನರಗಳಿರುವವರಿಗೆ ವೈದ್ಯರು ಬಿಗಿ ಕಾಲುಚೀಲ ಸೂಚಿಸುತ್ತಾರೆ.

ಭುಜದ ನೋವಿಗೆ ತಲೆಯ ಮೇಲಿನ ಹಿಡಿಕೆ ಮುಖ್ಯ ಕಾರಣ. ಒಂದೇ ಕೈಯನ್ನು ಬಹಳ ಹೊತ್ತು ಮೇಲೆತ್ತಿ ಹಿಡಿದರೆ ಭುಜದ ಕೀಲಿನ ಸ್ನಾಯುರಜ್ಜುಗಳು ಉಜ್ಜಿ ಉರಿಯೂತ ಬರಬಹುದು, ಕೈ ಬದಲಿಸುತ್ತಿರಬೇಕು. ಬೆನ್ನುಚೀಲವನ್ನು ಎದೆಗೆ ಹಾಕಿಕೊಳ್ಳುವ ರೂಢಿ ಜಾಗ ಉಳಿಸಲು ಮತ್ತು ಕಳ್ಳತನ ತಪ್ಪಿಸಲು ಬಂದದ್ದು. ಆದರೆ ಚೀಲ ಭಾರವಿದ್ದಷ್ಟೂ ಸೊಂಟ ಮುಂದಕ್ಕೆ ಬಾಗಿ ಬೆನ್ನು ಸೋಲುತ್ತದೆ. ತಲೆ ಬಗ್ಗಿಸಿ ಮೊಬೈಲು ನೋಡುವುದರಿಂದ ಕುತ್ತಿಗೆಯ ಮೇಲೆ ಬೀಳುವ ಭಾರ ಹಲವು ಪಟ್ಟು ಏರುತ್ತದೆ. ಕುಳಿತು ತೂಕಡಿಸುವಾಗ ತಲೆ ಪಕ್ಕಕ್ಕೆ ಜೋಲಿದರೂ ಕುತ್ತಿಗೆಗೆ ಅದೇ ಪಾಡು.

ಇವೆಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವ ತೊಂದರೆ ಮೂತ್ರ ತಡೆಯುವುದು. ಲೋಕಲ್ ಗಾಡಿಗಳಲ್ಲಿ ಶೌಚಾಲಯವಿಲ್ಲ; ಸ್ಟೇಷನ್ನಿನ ಶೌಚಾಲಯಗಳು ದೂರ, ಹಲವೆಡೆ ಕೊಳಕು. ಆದ್ದರಿಂದ ಮಹಿಳೆಯರಲ್ಲಿ ಅನೇಕರು ಮನೆಯಿಂದ ಹೊರಡುವ ಮುನ್ನ ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ಕಡಿಮೆಯಾಗಿ, ಮೂತ್ರ ಕಟ್ಟಿಕೊಂಡಾಗ ಮೂತ್ರನಾಳದ ಸೋಂಕು ಮತ್ತು ಕಲ್ಲಿನ ಸಂಭವ ಹೆಚ್ಚುತ್ತದೆ. ಗರ್ಭಿಣಿಯರಲ್ಲಿ ಈ ಸೋಂಕು ಮೂತ್ರಪಿಂಡಕ್ಕೆ ಹಬ್ಬುವ ಅಪಾಯವಿದೆ. ಹೊರಡುವುದಕ್ಕೆ ಒಂದು ಗಂಟೆ ಮೊದಲೇ ನೀರು ಕುಡಿದು, ಮನೆಯಲ್ಲೇ ಮೂತ್ರ ಮಾಡಿ ಹೊರಟು, ಕಚೇರಿ ತಲುಪಿದ ಕೂಡಲೇ ಮತ್ತೆ ನೀರು ಕುಡಿಯುವುದು ನಡುದಾರಿಯ ಉಪಾಯ. ನಿಜವಾದ ಪರಿಹಾರ ಸ್ಟೇಷನ್ನುಗಳ ಶುಚಿಯಾದ ಶೌಚಾಲಯ.

ನಿದ್ರೆಯ ಕೊರತೆ ಮತ್ತೊಂದು. ಕಲ್ಯಾಣಿನಿಂದ ಆಚೆಗಿನವರು ನಸುಕಿಗೇ ಎದ್ದು ಅಡಿಗೆ ಮುಗಿಸಿ, ಊಟದ ಡಬ್ಬಿ ಕಟ್ಟಿಕೊಂಡು ಹೊರಟರೆ ರಾತ್ರಿ ಮಲಗುವಾಗ ಹನ್ನೊಂದು ದಾಟಿರುತ್ತದೆ. ವಯಸ್ಕರಿಗೆ ಬೇಕಾದ ಏಳು ಗಂಟೆಯ ನಿದ್ರೆ ಭಾನುವಾರ ಮಾತ್ರ ದಕ್ಕುತ್ತದೆ. ದೀರ್ಘಕಾಲದ ನಿದ್ರಾಹೀನತೆಗೂ ರಕ್ತದೊತ್ತಡ, ಮಧುಮೇಹ, ಬೊಜ್ಜಿಗೂ ನಂಟಿದೆ. ಗಾಡಿಯ ನಿದ್ರೆ ಆಯಾಸವನ್ನು ತುಸು ಇಳಿಸುತ್ತದೆಯೇ ಹೊರತು ರಾತ್ರಿಯ ನಿದ್ರೆಯ ಜಾಗ ತುಂಬುವುದಿಲ್ಲ.

ರೈಲು ಡಬ್ಬಿಯ ಬದುಕಿನಲ್ಲಿ ಮನಸ್ಸಿಗೆ ಹಿತವಾದದ್ದೂ ಇದೆ. ನಿತ್ಯ ಒಂದೇ ಗಾಡಿ ಹಿಡಿಯುವವರ ಗುಂಪುಗಳು, ತಾಳ ಹಿಡಿದು ಹಾಡುವ ಭಜನಾ ಮಂಡಳಿಗಳು, ದಸರೆಗೆ ಡಬ್ಬಿಗೆ ಹೂವಿನ ಅಲಂಕಾರ, ಹುಟ್ಟುಹಬ್ಬ, ಬಾಣಂತಿಯಾಗಲಿರುವ ಗೆಳತಿಗೆ ಡಬ್ಬಿಯಲ್ಲೇ ಸೀಮಂತ ಇವೆಲ್ಲ ಒಂಟಿತನ ಕಳೆಯುತ್ತವೆ. ಒಬ್ಬರು ಎರಡು ದಿನ ಕಾಣಿಸದಿದ್ದರೆ ವಿಚಾರಿಸುವವರು ಇಲ್ಲಿರುತ್ತಾರೆ.

ಗಾಳಿ ಮತ್ತು ಸೋಂಕು

ಕಿಕ್ಕಿರಿದ ಡಬ್ಬಿಯಲ್ಲಿ ಫ್ಲೂ, ಕೋವಿಡ್, ಕ್ಷಯದಂತಹ ಉಸಿರಿನ ರೋಗಗಳು ಹರಡಬಲ್ಲವು. ಮಾಮೂಲಿ ಲೋಕಲಿನ ತೆರೆದ ಬಾಗಿಲು, ಕಿಟಕಿಗಳಿಂದ ಗಾಳಿ ಸತತ ಬದಲಾಗುವುದು ಈ ವಿಷಯದಲ್ಲಿ ಅನುಕೂಲ. ಕೋವಿಡ್ ಕಾಲದಲ್ಲಿ 2020ರ ಮಾರ್ಚ್ 22ರ ನಡುರಾತ್ರಿಯಿಂದ ಲೋಕಲ್ ಸೇವೆ ನಿಂತಿತು. ಜೂನ್ 15ರಿಂದ ಅತ್ಯಗತ್ಯ ಸೇವೆಯವರಿಗೆ ಮಾತ್ರ ಆರಂಭವಾಯಿತು. 2021ರ ಆಗಸ್ಟ್ 15ರಿಂದ ಎರಡೂ ಡೋಸ್ ಲಸಿಕೆ ಪಡೆದವರಿಗೆ ತೆರೆಯಿತು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮದ ನಿಯಮ. ದಿನವೂ ನೂರಾರು ಜನರ ಉಸಿರಿನ ನಡುವೆ ನಿಲ್ಲುವವರು ಇದನ್ನು ಮುಂದೂಡಬಾರದು.

ಹೊರಗಿನ ಗಾಳಿಯೂ ಎಲ್ಲೆಡೆ ಶುದ್ಧವಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲೂ ಥಾಣೆ–ಬೇಲಾಪುರ ಪಟ್ಟಿಯಲ್ಲೂ ರಾಸಾಯನಿಕ ಕಾರ್ಖಾನೆಗಳಿವೆ. 2014ರಲ್ಲಿ ಡೊಂಬಿವಲಿಯಲ್ಲಿ ಹಸಿರು ಬಣ್ಣದ ಮಳೆ ಬಿತ್ತು. 2020ರಲ್ಲಿ ಅಲ್ಲಿನ ಒಂದು ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಚಳಿಗಾಲದ ಬೆಳಗಿನಲ್ಲಿ ಧೂಳು, ಹೊಗೆ ನೆಲದ ಬಳಿಯೇ ನಿಲ್ಲುವುದರಿಂದ ಅಸ್ತಮಾ ಇರುವವರು ಇನ್ಹೇಲರನ್ನು ಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳುವುದು ಕ್ಷೇಮ. ಕಿಕ್ಕಿರಿದ ಗಾಡಿಯಲ್ಲಿ ಚೀಲ ತೆರೆಯಲು ಕೈ ಆಡುವುದಿಲ್ಲ.

ಮಳೆಗಾಲ ಮತ್ತು ಬೇಸಿಗೆ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಸಾವಿರಾರು ಜನ ಹಳಿಯ ಮೇಲೆ ನೀರಿನಲ್ಲಿ ನಡೆದು ಮನೆ ಸೇರಿದರು. ನೀರು ಇಳಿದ ಮೇಲಿನ ವಾರಗಳಲ್ಲಿ ಇಲಿಜ್ವರ ಹರಡಿತು. 2019ರ ಜುಲೈ 27ರಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರದಾಚೆ ವಾಂಗಣಿ ಬಳಿ ನೆರೆಯಲ್ಲಿ ಸಿಕ್ಕಿಬಿದ್ದಾಗ ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತರಬೇಕಾಯಿತು.

ಇಲಿಜ್ವರ ಅಥವಾ ಲೆಪ್ಟೊಸ್ಪೈರೋಸಿಸ್ ಇಲಿ, ನಾಯಿ, ದನಗಳ ಮೂತ್ರದಲ್ಲಿರುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ನಿಂತ ನೀರಿನಲ್ಲಿ ನಡೆದಾಗ ಕಾಲಿನ ಗಾಯ, ಬಿರುಕುಗಳ ಮೂಲಕ ಒಳಹೊಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳುತ್ತವೆ. ತಡವಾದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ. ನೀರಿನಲ್ಲಿ ನಡೆದವರು ಮನೆಗೆ ಬಂದು ಕಾಲನ್ನು ಸಾಬೂನಿನಿಂದ ತೊಳೆದು ಒರೆಸಬೇಕು. ಗಾಯವಿದ್ದವರು 72 ಗಂಟೆಯೊಳಗೆ ವೈದ್ಯರನ್ನು ಕಂಡರೆ ಮುಂಜಾಗ್ರತೆಯ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಇದು ಸಲ್ಲದಾದ್ದರಿಂದ ತಾವಾಗಿಯೇ ನುಂಗುವಂತಿಲ್ಲ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಪ್ಲಾಟ್‌ಫಾರ್ಮಿನಲ್ಲೂ ಕಚೇರಿಯಲ್ಲೂ. ಮಳೆಗಾಲದ ಜ್ವರ ಇಳಿಸಲು ಪ್ಯಾರಾಸಿಟಮಾಲ್ ಮಾತ್ರ ಬಳಸಬೇಕು. ಡೆಂಗಿಯ ಶಂಕೆ ಇರುವಾಗ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಅಪಾಯ. ಒದ್ದೆ ಬೂಟಿನಿಂದ ಬರುವ ಕಾಲ್ಬೆರಳ ಸಂದಿನ ಹುಣ್ಣು ಸಣ್ಣದೆನಿಸಿದರೂ ಮಧುಮೇಹಿಗಳಲ್ಲಿ ಗಂಭೀರವಾಗಬಲ್ಲದು. ಮಳೆಗಾಲಕ್ಕೆ ರಬ್ಬರ್ ಚಪ್ಪಲಿ, ಕಚೇರಿಯಲ್ಲಿ ಒಣ ಕಾಲುಚೀಲ ಇಟ್ಟುಕೊಳ್ಳುವ ರೂಢಿ ವೈದ್ಯಕೀಯವಾಗಿಯೂ ಸರಿ.

ಬೇಸಿಗೆಯಲ್ಲಿ ಖಾಡಿಯ ತೇವದಿಂದ ಬೆವರು ಆರದೆ ಮೈ ತಣಿಯುವುದಿಲ್ಲ. 2023ರ ಏಪ್ರಿಲ್ 16ರಂದು ಖಾರ್‌ಘರ್‌ನ ಬಯಲು ಸಭೆಯಲ್ಲಿ ಬಿಸಿಲಿನ ಹೊಡೆತಕ್ಕೆ ಹಲವರು ಸತ್ತ ಘಟನೆ ಈ ಪ್ರದೇಶದ ಸೆಖೆಯ ಗಂಭೀರತೆಯನ್ನು ತೋರಿಸಿತು. ಬೆವರು ನಿಂತು, ಮೈ ಕಾದು, ಮಾತು ತೊದಲಿದರೆ ಅದು ಬರಿಯ ಸುಸ್ತಲ್ಲ, ತುರ್ತುಸ್ಥಿತಿ. ನೆರಳಿಗೆ ತಂದು, ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು.

ಅಪಘಾತ

ಮುಂಬಯಿ ಉಪನಗರ ಹಳಿಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಹಳಿ ದಾಟುವುದು ಮೊದಲ ಕಾರಣ, ಓಡುವ ಗಾಡಿಯಿಂದ ಬೀಳುವುದು ಮತ್ತೊಂದು. ಪ್ರಯಾಣಿಕರ ಆರೋಗ್ಯದ ಯಾವ ವಿವರಣೆಯೂ ಇದನ್ನು ಬಿಟ್ಟು ಪೂರ್ಣವಾಗದು. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಕೆಲವರು ಅಸುನೀಗಿದರು. ಬಾಗಿಲಲ್ಲಿ ನಿಲ್ಲುವವರೆಲ್ಲ ಹುಂಬತನದಿಂದ ನಿಲ್ಲುವುದಿಲ್ಲ. ದಿವಾ, ಮುಂಬ್ರಾ, ಕಳವಾಗಳಲ್ಲಿ ಹತ್ತುವವರಿಗೆ ಒಳಗೆ ಜಾಗವೇ ಇರುವುದಿಲ್ಲ. ಆಯ್ಕೆ ಇದ್ದಲ್ಲೆಲ್ಲ ಒಂದು ಗಾಡಿ ಬಿಡುವುದು, ಮೇಲ್ಸೇತುವೆ ಬಳಸುವುದು, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಹಳಿಯ ಬಳಿ ನಡೆಯದಿರುವುದು ಜೀವ ಉಳಿಸುವ ಕ್ರಮಗಳು.

ಆಹಾರ, ನೀರು

ಸ್ಟೇಷನ್ನಿನ ಸುಲಭದ ತಿಂಡಿ ವಡಾಪಾವ್. ಕರಿದ ವಡೆಗೆ ಮೈದಾದ ಪಾವ್ ಜೋಡಿಯಾದಾಗ ಹೊಟ್ಟೆ ತುಂಬಿದರೂ ನಾರು, ಪ್ರೋಟೀನ್ ಹೆಚ್ಚು ಸಿಗದು. ಆಗೊಮ್ಮೆ ಈಗೊಮ್ಮೆ ತಿಂದರೆ ಬಾಧೆಯಿಲ್ಲ, ದಿನದ ಊಟದ ಬದಲಿಗೆ ಸಾಲದು. ಬಿಸಿಯಾಗಿ ಎಣ್ಣೆಯಿಂದ ತೆಗೆದದ್ದು ಸೋಂಕಿನ ದೃಷ್ಟಿಯಿಂದ ಹಸಿ ಚಟ್ನಿ, ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಪಾನಕಗಳಿಗಿಂತ ಸುರಕ್ಷಿತ. 2019ರಲ್ಲಿ ಕುರ್ಲಾ ಸ್ಟೇಷನ್ನಿನಲ್ಲಿ ನಿಂಬೆ ಪಾನಕವನ್ನು ಕೊಳಕಾಗಿ ತಯಾರಿಸುವ ವಿಡಿಯೋ ಹೊರಬಂದ ಮೇಲೆ ಮಧ್ಯ ರೈಲ್ವೆ ಬಿಡಿ ಪಾನಕಗಳ ಮಾರಾಟವನ್ನು ನಿಷೇಧಿಸಿತು. ಕಲುಷಿತ ನೀರಿನಿಂದ ಕಾಮಾಲೆ, ಟೈಫಾಯ್ಡ್, ವಾಂತಿಭೇದಿ ಬರುತ್ತವೆ.

ಮನೆಯೂಟದ ಡಬ್ಬಿ ಈ ಪ್ರದೇಶದ ಬಲ. ಮನೆಯಿಂದ ಕಚೇರಿಗೆ ಊಟ ತಲುಪಿಸುವ ಡಬ್ಬಾವಾಲಾ ವ್ಯವಸ್ಥೆ 1890ರಿಂದ ನಡೆದುಬಂದದ್ದೇ ಮನೆಯೂಟದ ಬೆಲೆ ಅರಿತು. ಆದರೆ ನಸುಕಿಗೆ ಮಾಡಿದ ಅಡಿಗೆ ತಿನ್ನುವಾಗ ಮಧ್ಯಾಹ್ನವಾಗಿರುತ್ತದೆ. ಅನ್ನ ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಉತ್ಪಾದಿಸುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಕರಾವಳಿಯ ಅಡಿಗೆಯಲ್ಲಿ ಹಸಿ ತೆಂಗಿನಕಾಯಿ ಧಾರಾಳವಾದ್ದರಿಂದ ಸಾರು, ಚಟ್ನಿ ಬೇಗ ಹಳಸುತ್ತವೆ. ಮೇ ತಿಂಗಳ ಸೆಖೆಯಲ್ಲಿ ಚಪಾತಿ ಮತ್ತು ಒಣ ಪಲ್ಯ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಹುರಿಗಡಲೆ, ಬಾಳೆಹಣ್ಣು ಕೆಡದೆ ನಿಲ್ಲುತ್ತವೆ. ಮನೆಯಲ್ಲಿ ಮಾಡಿದ ಮಜ್ಜಿಗೆ ಅಥವಾ ಪುನರ್ಪುಳಿ ಪಾನಕ ಬೆವರಿನ ನಷ್ಟ ತುಂಬುತ್ತದೆ. ಭೇದಿಯಾದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಯಬೇಕು. ಮಧುಮೇಹಿಗಳು ಗಾಡಿ ನಡುದಾರಿಯಲ್ಲಿ ನಿಂತೀತೆಂಬ ಎಣಿಕೆಯಿಂದಲೇ ಬಿಸ್ಕತ್ತು, ಗ್ಲುಕೋಸ್ ಜೊತೆಗಿಡಬೇಕು.

ವ್ಯಾಯಾಮ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಬಿರುಸಿನ ಚಟುವಟಿಕೆ, ಎರಡು ದಿನ ಸ್ನಾಯುಬಲದ ವ್ಯಾಯಾಮ ಸೂಚಿಸಿತು. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಮಾಡಬೇಕೆಂಬ ಹಳೆಯ ಷರತ್ತನ್ನು ಆಗ ಕೈಬಿಡಲಾಯಿತು. ಲೋಕಲ್ ಪ್ರಯಾಣಿಕರಿಗೆ ಇದು ಮಹತ್ವದ ಬದಲಾವಣೆ. ಶೇರ್ ರಿಕ್ಷಾ ಬಿಟ್ಟು ಸ್ಟೇಷನ್ನಿಗೆ ಬಿರುಸಾಗಿ ನಡೆದ ಹದಿನೈದು ನಿಮಿಷ, ಎಸ್ಕಲೇಟರ್ ಬಿಟ್ಟು ಏರಿದ ಮೆಟ್ಟಿಲು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಹೋಗುವಾಗ ಹದಿನೈದು, ಬರುವಾಗ ಹದಿನೈದು ನಿಮಿಷ ನಡೆದರೆ ಐದು ದಿನಕ್ಕೇ 150 ಮುಗಿಯುತ್ತದೆ. ನೂಕಾಟದಲ್ಲಿ ಬೆವರುವುದು ಮಾತ್ರ ವ್ಯಾಯಾಮವಲ್ಲ. ಅದು ಹೃದಯಕ್ಕೆ ಒತ್ತಡ ಕೊಡುತ್ತದೆ, ಪುಷ್ಟಿ ಕೊಡುವುದಿಲ್ಲ.

ರಜೆಯ ದಿನಗಳಿಗೆ ಥಾಣೆಯಲ್ಲಿ ಮಾಸುಂದಾ ಕೆರೆಯ ದಂಡೆ, ಉಪವನ, ಯೇವೂರು ಬೆಟ್ಟ. ಕಲ್ಯಾಣಿನಲ್ಲಿ ಕಾಳಾ ತಲಾವ್. ಡೊಂಬಿವಲಿಯಲ್ಲಿ ಸಾವಳಾರಾಮ ಕ್ರೀಡಾ ಸಂಕುಲ. ನವಿಮುಂಬಯಿಯಲ್ಲಿ ನೆರೂಲಿನ ಕೆರೆಯ ಸುತ್ತಿನ ಹಾದಿ, ಖಾರ್‌ಘರ್‌ನ ಸೆಂಟ್ರಲ್ ಪಾರ್ಕ್ ಮತ್ತು ಬೆಟ್ಟಗಳಿವೆ. ಯೋಜಿತ ನಗರವಾದ್ದರಿಂದ ನಡೆಯುವ ಜಾಗ ನವಿಮುಂಬಯಿಯಲ್ಲಿ ಧಾರಾಳ. ಡೊಂಬಿವಲಿಯಲ್ಲಿ ಫುಟ್‌ಪಾತೇ ವಿರಳ. ಥಾಣೆಯ ಘಂಟಾಳಿ ಮಿತ್ರ ಮಂಡಳ ಹಲವು ದಶಕಗಳಿಂದ ಯೋಗ ಕಲಿಸುತ್ತ ಬಂದಿದೆ.

ಊರಿನ ದೂರ ಪ್ರಯಾಣ

ಕೊಂಕಣ ರೈಲ್ವೆ 1998ರಲ್ಲಿ ಪೂರ್ಣಗೊಂಡ ಮೇಲೆ ಥಾಣೆ, ಪನ್ವೇಲ್‌ಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿದವರು ಮರುಬೆಳಗ್ಗೆ ಉಡುಪಿ, ಮಂಗಳೂರು ಕಡೆ ಇಳಿಯುತ್ತಾರೆ. ಉತ್ತರ ಕರ್ನಾಟಕದವರಿಗೆ ಕಲ್ಯಾಣ್ ಮೂಲಕ ಹೋಗುವ ಗಾಡಿಗಳಿವೆ. ನಾಲ್ಕು ಗಂಟೆ ಮೀರಿ ಕುಳಿತೇ ಇದ್ದರೆ ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ತುಸು ಏರುತ್ತದೆ; ಇತ್ತೀಚೆಗೆ ಶಸ್ತ್ರಕ್ರಿಯೆಯಾದವರು, ಗರ್ಭಿಣಿಯರು, ಬಾಣಂತಿಯರು ಗಂಟೆಗೊಮ್ಮೆ ಎದ್ದು ಓಡಾಡಬೇಕು. ರೈಲಿನಲ್ಲಿ ಇದು ಸುಲಭ, ಸ್ಲೀಪರ್ ಬಸ್ಸಿನಲ್ಲಿ ಕಷ್ಟ.

ಮಂಗಳೂರು, ಮುಂಬಯಿ ಎರಡೂ ಮಲೇರಿಯಾ ಕಂಡ ನಗರಗಳು. ಊರಿನಿಂದ ಮರಳಿದ ಕೆಲವು ವಾರಗಳಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆಂದು ವೈದ್ಯರಿಗೆ ತಿಳಿಸಬೇಕು. ಮಲೆನಾಡಿನ ಕಾಡಂಚಿಗೆ ಬೇಸಿಗೆ ರಜೆಯಲ್ಲಿ ಹೋದವರಿಗೆ ಈ ಮಾತು ಇನ್ನೂ ಮುಖ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಮತ್ತು ಅದನ್ನು ಎಂದೂ ಕಾಣದ ಥಾಣೆ ಜಿಲ್ಲೆಯ ವೈದ್ಯರಿಗೆ ತಾನಾಗಿ ಹೊಳೆಯುವುದು ಕಷ್ಟ.

ಸೌಲಭ್ಯಗಳು ಮತ್ತು ಇಂದಿನ ಸ್ಥಿತಿ

ರೈಲ್ವೆಯ ನೆರವಿಗೆ 139, ಆಂಬುಲೆನ್ಸಿಗೆ 108 ಸಂಖ್ಯೆಗಳಿವೆ. ಮುಖ್ಯ ಸ್ಟೇಷನ್ನುಗಳಲ್ಲಿ ತುರ್ತು ವೈದ್ಯಕೀಯ ಕೊಠಡಿಗಳನ್ನು ತೆರೆಯಲಾಗಿದೆ. 2017ರಲ್ಲಿ ಮಧ್ಯ ರೈಲ್ವೆಯ ಹಲವು ಸ್ಟೇಷನ್ನುಗಳಲ್ಲಿ ಒಂದು ರೂಪಾಯಿ ಶುಲ್ಕದ ಕ್ಲಿನಿಕ್ಕುಗಳು ಆರಂಭವಾದವು. ಓಡುವ ಗಾಡಿಯಲ್ಲಿ ಯಾರಾದರೂ ಕುಸಿದರೆ ಎರಡು ಸ್ಟೇಷನ್ನುಗಳ ನಡುವೆ ಸರಪಳಿ ಎಳೆಯುವುದಕ್ಕಿಂತ ಮುಂದಿನ ಸ್ಟೇಷನ್ನಿನಲ್ಲಿ ಇಳಿಸುವುದೇ ಮೇಲು, ನೆರವು ಇರುವುದು ಅಲ್ಲಿ. ಸಾರ್ವಜನಿಕ ಆಸ್ಪತ್ರೆಗಳಲ್ಲಿ ಕೆಲವೆಂದರೆ ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಕಲ್ಯಾಣಿನ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ.

ಎಸಿ ಲೋಕಲ್ 2020ರಲ್ಲಿ ಜನವರಿಯ ಕೊನೆಗೆ ಟ್ರಾನ್ಸ್‌ಹಾರ್ಬರ್ ಮಾರ್ಗಕ್ಕೂ ಡಿಸೆಂಬರ್‌ನಲ್ಲಿ ಕಲ್ಯಾಣ್ ಮಾರ್ಗಕ್ಕೂ ಬಂತು. ಮುಚ್ಚುವ ಬಾಗಿಲು ಬೀಳುವ ಅಪಾಯವನ್ನು ಇಲ್ಲವಾಗಿಸುತ್ತದೆ, ಸೆಖೆಯೂ ಇಲ್ಲ. ಆದರೆ ಟಿಕೆಟ್ ದುಬಾರಿ, ಗಾಡಿಗಳು ಕಡಿಮೆ. 2022ರ ಫೆಬ್ರವರಿಯಲ್ಲಿ ಥಾಣೆ–ದಿವಾ ನಡುವಿನ ಐದು ಮತ್ತು ಆರನೇ ಹಳಿಗಳು ತೆರೆದು, ದೂರದ ಗಾಡಿಗಳಿಗೂ ಲೋಕಲ್‌ಗಳಿಗೂ ಬೇರೆ ದಾರಿಯಾಯಿತು. 2023ರಲ್ಲಿ ಮಧ್ಯ ರೈಲ್ವೆ ಕಚೇರಿಗಳ ವೇಳೆ ಬದಲಿಸಿ ಪೀಕ್ ಅವರ್ ದಟ್ಟಣೆ ಹಂಚುವಂತೆ ಸಂಸ್ಥೆಗಳನ್ನು ಕೋರಿತು. ಮುಂಬ್ರಾ ಅಪಘಾತದ ಬಳಿಕ, ಹೊಸ ಲೋಕಲ್‌ಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲು ಅಳವಡಿಸುವುದಾಗಿಯೂ, ಎಸಿ ಇಲ್ಲದ ಗಾಡಿಗಳಲ್ಲಿ ಗಾಳಿಗಾಗಿ ಬಾಗಿಲಿಗೆ ಜಾಲಂಧ್ರ, ಚಾವಣಿಗೆ ಗಾಳಿಯಂತ್ರ, ಡಬ್ಬಿಯಿಂದ ಡಬ್ಬಿಗೆ ಹಾದಿ ಮಾಡುವುದಾಗಿಯೂ ರೈಲ್ವೆ ಘೋಷಿಸಿತು. ಬೇಲಾಪುರ–ಪೇಂಧರ್ ಮೆಟ್ರೋ 2023ರ ನವೆಂಬರ್‌ನಲ್ಲಿ ಆರಂಭವಾಗಿದ್ದು, ಥಾಣೆ–ಭಿವಂಡಿ–ಕಲ್ಯಾಣ್ ಮತ್ತು ಕಲ್ಯಾಣ್–ತಳೋಜಾ ಮೆಟ್ರೋ ಮಾರ್ಗಗಳ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಗಿದೆ. ಕಲ್ಯಾಣ್–ತಳೋಜಾ ಮಾರ್ಗ ಮುಗಿದರೆ ಡೊಂಬಿವಲಿಯಿಂದ ನವಿಮುಂಬಯಿಗೆ ಹೋಗುವವರು ಥಾಣೆಗೆ ಸುತ್ತು ಹಾಕದೆ ತಲುಪಬಹುದು.